ಚೈನಾ ಗ್ರಾಸ್: ಅಡುಗೆಮನೆಯಿಂದ ಪ್ರಯೋಗಾಲಯಕ್ಕೆ ಹೋದ ಪಾಚಿ

ರಮಝಾನ್ ಬಂತೆಂದರೆ ನಮ್ಮಲ್ಲಿ ಎಷ್ಟೋ ಮನೆಗಳ ಇಫ್ತಾರ್‌ನಲ್ಲಿ ಚೈನಾ ಗ್ರಾಸ್ ಪುಡ್ಡಿಂಗ್ ಇದ್ದೇ ಇರುತ್ತದೆ. ಹಾಲಿನದ್ದು, ಎಳನೀರಿನದ್ದು, ರೂಹ್ ಅಫ್ಝಾ ಸುರಿದು ಗುಲಾಬಿ ಬಣ್ಣ ಬರಿಸಿದ್ದು. ಕರಾವಳಿ ಬಿಟ್ಟು ಮುಂಬೈ ಸೇರಿದವರೂ ಈ ರೂಢಿ ಬಿಟ್ಟಿಲ್ಲ. ಚೆನ್ನೈಯಲ್ಲಿರುವವರು ಮಾತ್ರ ಅಂಗಡಿಯಲ್ಲಿ 'ಕಡಲ್ ಪಾಸಿ' ಅಂತ ಕೇಳಬೇಕು. ನಿಜ ಹೇಳಬೇಕೆಂದರೆ ಆ ತಮಿಳು ಹೆಸರೇ ಸರಿ. ಇದು ಹುಲ್ಲಲ್ಲ, ಕೆಂಪು ಜಾತಿಯ ಕಡಲಪಾಚಿಯನ್ನು ಕುದಿಸಿ ತೆಗೆದ ಅಂಟು. ಒಣಗಿದ ಎಳೆ ಹುಲ್ಲಿನ ಹಾಗೆ ಕಾಣುತ್ತದೆ, ಅಷ್ಟೆ. ವಿಜ್ಞಾನದ ಪುಸ್ತಕದಲ್ಲಿ ಇದರ ಹೆಸರು ಅಗರ್, ಅದು ಮಲಯ್ ಭಾಷೆಯ ಮಾತು. ಜೆಲ್ಲಿ ಪ್ಯಾಕೆಟ್ಟಿನ ಹಿಂಬದಿಯಲ್ಲಿ ಇದೇ ವಸ್ತು 406 ಎಂಬ ಅಂಕಿಯಾಗಿ ಕೂತಿರುತ್ತದೆ.

ಇದನ್ನು ಒಣಗಿಸಿ ಇಡುವ ವಿದ್ಯೆ 17ನೇ ಶತಮಾನದ ಜಪಾನಿನದ್ದು. ಹೋಟೆಲಿನವನೊಬ್ಬ ಉಳಿದ ಪಾಚಿಯ ಜೆಲ್ಲಿಯನ್ನು ಚಳಿಗಾಲದ ರಾತ್ರಿ ಹೊರಗೆ ಎಸೆದನಂತೆ. ರಾತ್ರಿ ಹೆಪ್ಪುಗಟ್ಟಿ, ಹಗಲು ಕರಗಿ, ನೀರೆಲ್ಲ ಹೋಗಿ ಬಿಳಿ ಎಳೆ ಮಾತ್ರ ಉಳಿಯಿತಂತೆ. ಕಥೆ ಹೇಗೇ ಇರಲಿ, ಬಹುಕಾಲ ಅಗರ್ ತಯಾರಾದದ್ದು ಈ ಕ್ರಮದಲ್ಲೇ.

ಅಡುಗೆಮನೆಯಲ್ಲಿದ್ದ ಈ ವಸ್ತು ಪ್ರಯೋಗಾಲಯಕ್ಕೆ ಹೋದದ್ದು ಒಬ್ಬ ಹೆಂಗಸಿನಿಂದ. 1881ರಲ್ಲಿ ಬರ್ಲಿನ್ನಿನ ರಾಬರ್ಟ್ ಕಾಖ್ ಅವರ ಪ್ರಯೋಗಾಲಯದಲ್ಲಿ ವಾಲ್ಟರ್ ಹೆಸ್ಸೆ ಎಂಬ ವೈದ್ಯರು ಕೆಲಸ ಮಾಡುತ್ತಿದ್ದರು. ಅಲ್ಲಿ ರೋಗಾಣುಗಳನ್ನು ಬೆಳೆಸುತ್ತಿದ್ದದ್ದು ಪ್ರಾಣಿಯ ಎಲುಬು, ಚರ್ಮದಿಂದ ತೆಗೆದ ಜಿಲೆಟಿನ್ ಮೇಲೆ. ಬೇಸಿಗೆ ಬಂದರೆ ಅದು ಕರಗಿ ನೀರಾಗುತ್ತಿತ್ತು. ಸಾಲದ್ದಕ್ಕೆ ಕೆಲವು ರೋಗಾಣುಗಳು ಅದನ್ನೇ ತಿಂದು ಕರಗಿಸುತ್ತಿದ್ದವು. ಬೇಸತ್ತ ಹೆಸ್ಸೆ ಹೆಂಡತಿ ಫ್ಯಾನಿಯನ್ನು ಕೇಳಿದರು: ನೀನು ಮಾಡುವ ಜೆಲ್ಲಿ ಈ ಸೆಕೆಯಲ್ಲೂ ಹೇಗೆ ಗಟ್ಟಿಯಾಗಿರುತ್ತದೆ? ಉತ್ತರ, ಅಗರ್. ನ್ಯೂಯಾರ್ಕಿನಲ್ಲಿದ್ದಾಗ, ಜಾವಾದಲ್ಲಿದ್ದು ಬಂದ ಡಚ್ ಪರಿಚಿತರಿಂದ ಆಕೆ ಅದನ್ನು ಕಲಿತಿದ್ದರು. ಅಗರ್ ಕರಗಬೇಕಾದರೆ ಸುಮಾರು 85 ಡಿಗ್ರಿ ಬಿಸಿ ಬೇಕು, ಮತ್ತೆ ಗಟ್ಟಿಯಾಗಲು 40ರ ಕೆಳಗೆ ತಣಿಯಬೇಕು. ಅಂದರೆ ಮನುಷ್ಯನ ಮೈಬಿಸಿಯಲ್ಲಿ ರೋಗಾಣು ಬೆಳೆಸಿದರೂ ಅದು ಕರಗದು. ಬಹುತೇಕ ರೋಗಾಣುಗಳಿಗೆ ಅದನ್ನು ತಿನ್ನಲೂ ಆಗದು.

1882ರ ತಮ್ಮ ಪ್ರಸಿದ್ಧ ಕ್ಷಯರೋಗದ ಲೇಖನದಲ್ಲಿ ಕಾಖ್ ಅಗರ್ ಹೆಸರು ಹೇಳುತ್ತಾರೆ, ಹೆಸ್ಸೆ ದಂಪತಿಯ ಹೆಸರು ಹೇಳುವುದಿಲ್ಲ. ಫ್ಯಾನಿಗೆ ಇದರಿಂದ ಒಂದು ಕಾಸೂ ಬರಲಿಲ್ಲ. ಹಾಗಾದರೂ ಇವತ್ತು ಆಕೆಯ ಹೆಸರು ಪಠ್ಯಪುಸ್ತಕಗಳಲ್ಲಿ ಅಲ್ಲಲ್ಲಿ ಸಿಗುತ್ತದೆ. ಆ ಡಚ್ಚರಿಗೆ ಇದನ್ನು ತೋರಿಸಿಕೊಟ್ಟ ಜಾವಾದ ಅಡುಗೆಮನೆಯ ಹೆಂಗಸರನ್ನು ಯಾವ ಪುಸ್ತಕದಲ್ಲಿ ಹುಡುಕೋಣ?

ಎರಡನೇ ಮಹಾಯುದ್ಧದವರೆಗೆ ಜಗತ್ತಿನ ಅಗರ್ ಬಹುಪಾಲು ಜಪಾನಿನಿಂದಲೇ ಬರುತ್ತಿತ್ತು. ಯುದ್ಧ ಶುರುವಾಗಿ ಅದು ನಿಂತಾಗ ಆಸ್ಪತ್ರೆ, ಲಸಿಕೆ ತಯಾರಿಕೆ ಎಲ್ಲಕ್ಕೂ ಪೆಟ್ಟು. ಬ್ರಿಟನ್, ಅಮೆರಿಕ, ನ್ಯೂಜಿಲೆಂಡ್ ತಂತಮ್ಮ ದಡಗಳಲ್ಲಿ ಪಾಚಿ ಹುಡುಕಿದವು. ಭಾರತದಲ್ಲೂ ಅದೇ ವರ್ಷಗಳಲ್ಲಿ ಅಗರ್ ತಯಾರಿಕೆಯ ಪ್ರಯೋಗ ನಡೆಯಿತು. ಮುಂದೆ ತಮಿಳುನಾಡಿನ ಮಂಡಪಂ ಕಡೆಯ ಪಾಚಿಯನ್ನು ನಂಬಿ ಇಲ್ಲಿನ ಅಗರ್ ಉದ್ಯಮ ಬೆಳೆಯಿತು.

ಇನ್ನು ಕಾನೂನಿನ ಮಾತು. ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿ 1973ರಲ್ಲೇ, ಅಗರ್‌ಗೆ ದಿನಕ್ಕೆ ಇಷ್ಟೇ ಎಂಬ ಮಿತಿ ಬೇಕಿಲ್ಲ ಎಂದಿತು. 2016ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಮತ್ತೆ ಪರಿಶೀಲಿಸಿ, ಆತಂಕಕ್ಕೆ ಕಾರಣವಿಲ್ಲ ಎಂದಿತು. ಅಮೆರಿಕದಲ್ಲಿ ತಿನಿಸಿನ ಪ್ರಕಾರ ಅಳತೆ ಇದೆ, ಬೇಕರಿ ತಿಂಡಿಗೆ 0.8 ಶೇಕಡಾ. ತಮಾಷೆ ಎಂದರೆ, ವಸ್ತುವಿನಲ್ಲಿ ದೋಷವಿಲ್ಲದಿದ್ದರೂ ಆಕಾರದಲ್ಲಿ ಅಪಾಯವಿತ್ತು. ಬಾಯಿಗೆ ಒಮ್ಮೆಲೇ ಹಿಂಡಿಕೊಳ್ಳುವ ಪುಟ್ಟ ಕಪ್ಪಿನ ಜೆಲ್ಲಿ ಮಕ್ಕಳ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆಂದು, ಅಂಥ ಕಪ್ಪುಗಳಲ್ಲಿ ಅಗರ್ ಮತ್ತು ಅದರ ಬಳಗದ ಅಂಟುಗಳನ್ನು ಯುರೋಪ್ 2004ರಲ್ಲಿ ನಿಲ್ಲಿಸಿತು. ನಮ್ಮ ದೇಶದ ನಿಯಮದಂತೆ ಸೇರಿಸಿದ ಅಂಟಿನ ಹೆಸರೋ ಸಂಖ್ಯೆಯೋ ಲೇಬಲ್ ಮೇಲೆ ಇರಲೇಬೇಕು. ಜಿಲೆಟಿನ್ ಹಾಕಿದರೆ ಹಸಿರು ಚುಕ್ಕೆ ಹಾಕುವಂತಿಲ್ಲ. ಜಿಲೆಟಿನ್ ಯಾವ ಪ್ರಾಣಿಯದ್ದು, ಹಲಾಲೋ ಅಲ್ಲವೋ ಎಂದು ಪ್ಯಾಕೆಟ್ ತಿರುಗಿಸಿ ಓದುವ ನಮ್ಮವರಿಗೆ 406 ಕಂಡರೆ ಆ ಚಿಂತೆ ಇಲ್ಲ. ಜೈನರಿಗೂ ಅಷ್ಟೇ.

ಆದರೆ ಲೇಬಲ್ ಹೇಳದ ಒಂದು ಸಂಗತಿ ಇದೆ: ಪಾಚಿ ಕಿತ್ತವರು ಯಾರು? ರಾಮನಾಥಪುರಂ ಜಿಲ್ಲೆಯ ಕಡಲಲ್ಲಿ ಅವರು ಹೆಚ್ಚಾಗಿ ಹೆಂಗಸರು. ಕಣ್ಣಿಗೆ ಗಾಗಲ್ಸ್ ಕಟ್ಟಿ, ಬೆರಳಿಗೆ ಬಟ್ಟೆ ಸುತ್ತಿ, ಉಸಿರು ಹಿಡಿದು ಮುಳುಗುತ್ತಾರೆ. ಅಗರ್ ಕೊಡುವ ಪಾಚಿಗೆ ಅವರ ಹೆಸರು 'ಮರಿಕೊಳುಂದು'. 1986ರಲ್ಲಿ ಮನ್ನಾರ್ ಕೊಲ್ಲಿಯ 21 ದ್ವೀಪಗಳು ಸಾಗರ ರಾಷ್ಟ್ರೀಯ ಉದ್ಯಾನವಾದವು. ಅಜ್ಜಿಯ ಕಾಲದಿಂದ ಮುಳುಗುತ್ತಿದ್ದ ಜಾಗಕ್ಕೆ ಹೋಗುವುದೇ ತಪ್ಪಾಯಿತು. ಹವಳದ ದಿಬ್ಬ ಉಳಿಯಬೇಕು, ನಿಜ. ಆದರೆ ಬೇರೆ ಕಸುಬಿಲ್ಲದವರು ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಕಾನೂನಿನಲ್ಲಿ ಉತ್ತರ ಇರಲಿಲ್ಲ. ಕೊನೆಗೆ ಹೆಂಗಸರೇ ಕೂತು ಮಾತಾಡಿ, ತಿಂಗಳಿಗೆ 12 ದಿನ ಮಾತ್ರ ಕಡಲಿಗಿಳಿಯುವುದು ಎಂದು ತೀರ್ಮಾನಿಸಿದರು. ಅವರ ಮುಂದಾಳು, ಚಿನ್ನಪಾಲಂನ ಲಕ್ಷ್ಮಿ ಮೂರ್ತಿಯವರಿಗೆ 2015ರಲ್ಲಿ ಅಮೆರಿಕದ ಸೀಕಾಲಜಿ ಸಂಸ್ಥೆ ಪ್ರಶಸ್ತಿ ಕೊಟ್ಟಿತು.