ಸೇಫ್ಟಿ ವೈರ್ (ರೇಸ್ ಬೈಕ್)

ಅದುರುವಿಕೆಯಿಂದ ಸಡಿಲಾದ ಬೋಲ್ಟು ಕಳಚಿ ಬೀಳದಂತೆ ಅದರ ತಲೆಯಲ್ಲಿ ರಂಧ್ರ ಕೊರೆದು, ತೂರಿಸಿ ಹೊಸೆದು ಕಟ್ಟುವ ಸ್ಟೇನ್‌ಲೆಸ್ ಸ್ಟೀಲ್ ತಂತಿ. ವಿಮಾನ ಎಂಜಿನ್‌ಗಳಲ್ಲೂ ಇದೇ ಪದ್ಧತಿಯಿದೆ. ತಂತಿಯ ದಪ್ಪ ಸಾಮಾನ್ಯವಾಗಿ 0.6ರಿಂದ 0.8 ಮಿ.ಮೀ., ರಂಧ್ರ ಸುಮಾರು 1.5 ಮಿ.ಮೀ. ಆಯಿಲ್ ಡ್ರೈನ್ ಬೋಲ್ಟ್, ಆಯಿಲ್ ಮುಚ್ಚಳ, ಫಿಲ್ಟರ್‌ಗಳಿಗೆ ರೇಸ್ ನಿಯಮಗಳು ಸಾಮಾನ್ಯವಾಗಿ ಇದನ್ನು ಕಡ್ಡಾಯ ಮಾಡುತ್ತವೆ. ಟ್ರ್ಯಾಕಿನ ಮೇಲೆ ಚೆಲ್ಲಿದ ಆಯಿಲ್ ಹಿಂದೆ ಬರುವವರನ್ನೂ ಕೆಡವುತ್ತದೆ.

ತಂತಿ ಬೋಲ್ಟನ್ನು ಬಿಗಿಯಾಗುವ ದಿಕ್ಕಿಗೇ ಎಳೆಯುತ್ತಿರಬೇಕು. ಉಲ್ಟಾ ಕಟ್ಟಿದರೆ ಹೊಸೆತ ಎಷ್ಟು ಅಂದವಾಗಿದ್ದರೂ ದಂಡ. ಬೋಲ್ಟನ್ನು ಬಿಗಿ ಮಾಡುವುದು ಟಾರ್ಕ್ ವ್ರೆಂಚ್, ತಂತಿಯಲ್ಲ.

ನಿಜವಾದ ಪೀಕಲಾಟ ಸೈಲೆನ್ಸರ್ ಪೈಪುಗಳ ಹಿಂದೆ, ಎಂಜಿನ್ನಿನ ಅಡಿಯಲ್ಲಿ, ಕೈ ಹೋಗದ ಕಡೆ. ಅಲ್ಲಿನ ಬೋಲ್ಟನ್ನು ಬಿಚ್ಚಿ, ವೈಸ್‌ಗೆ ಸಿಕ್ಕಿಸಿ, ಕಟಿಂಗ್ ಆಯಿಲ್ ಬಿಡುತ್ತ ನಿಧಾನವಾಗಿ ಕೊರೆಯಬೇಕು. ಅವಸರಕ್ಕೆ ಸಣ್ಣ ಡ್ರಿಲ್ ಬಿಟ್ ಪಟ್ಟನೆ ಮುರಿಯುತ್ತದೆ. ತಲೆಯ ಒಂದೇ ಕಡೆ ಕೊರೆದರೆ, ಬಿಗಿದ ಮೇಲೆ ರಂಧ್ರ ಎಂಜಿನ್ ಗೋಡೆಯತ್ತ ತಿರುಗಿ ಮರೆಯಾಗಬಹುದು. ಆದ್ದರಿಂದ ಎರಡು ಮೂರು ಮೂಲೆಗಳಲ್ಲಿ ಕೊರೆದು, ಆ ಜಾಗಗಳಿಗೆ ಬಿಳಿ ಪೇಂಟಿನ ಚುಕ್ಕೆ ಇಡುವುದು ಜಾಣತನ. ತಂತಿಯ ತುದಿಯನ್ನು ಕೊಕ್ಕೆಯಂತೆ ಬಗ್ಗಿಸಿ ತೂರಿಸಿ, ಉದ್ದ ಮೂತಿಯ ಇಕ್ಕಳದಿಂದ ಆಚೆ ಎಳೆದುಕೊಳ್ಳುತ್ತಾರೆ. ಹೊಸೆಯುವ ಇಕ್ಕಳಕ್ಕೆ ಅಲ್ಲಿ ಜಾಗ ಸಾಲದಿದ್ದರೆ ಕೈಯಲ್ಲೇ ಹೊಸೆಯಬೇಕು. ಅತಿಯಾಗಿ ಹೊಸೆದ ತಂತಿ ತುಂಡಾಗುತ್ತದೆ.

ಕೊರೆಯಲಾಗದ ಆಯಿಲ್ ಫಿಲ್ಟರ್‌ಗೆ ಹೋಸ್ ಕ್ಲಿಪ್ ಬಿಗಿದು, ಆ ಕ್ಲಿಪ್ಪಿಗೆ ತಂತಿ ಕಟ್ಟುವುದು ರೂಢಿ. ಉಳಿದ ತುದಿಯನ್ನು ಕತ್ತರಿಸಿ ಒಳಕ್ಕೆ ಮಡಚದಿದ್ದರೆ ಮುಂದಿನ ಸಲ ಆಯಿಲ್ ಬದಲಿಸುವವನ ಬೆರಳು ಕುಯ್ಯುತ್ತದೆ. ಬಿಚ್ಚಿದ ತಂತಿಯನ್ನು ಮತ್ತೆ ಬಳಸುವುದಿಲ್ಲ.