ಆಲ್ ವೀಲ್ ಡ್ರೈವ್ ಇದ್ದರೆ ಹಿಮದಲ್ಲಿ ಕಾರು ಜಾರುವುದಿಲ್ಲವೇ? ಕೊಲರಾಡೊ ಚಳಿಗಾಲಕ್ಕೆ ಅಗ್ಗದ ಹಳೇ ಕಾರು ಕೊಳ್ಳುವ ಮುನ್ನ

ಅಕ್ಟೋಬರ್ ಬಂತೆಂದರೆ ಅಮೆರಿಕದ ಕೊಲರಾಡೊ ರಾಜ್ಯದಲ್ಲಿ ಓದುತ್ತಿರುವ, ಕೆಲಸ ಮಾಡುತ್ತಿರುವ ನಮ್ಮವರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಒಂದು ಬಗೆಯ ಸಂದೇಶ ಓಡಾಡತೊಡಗುತ್ತದೆ. ಮಾತುಗಳು ಬೇರೆಬೇರೆ ಇರಬಹುದು, ಸಾರ ಇಷ್ಟೇ: ಹಿಮ ಬೀಳುವ ಮೊದಲು ಆಲ್ ವೀಲ್ ಡ್ರೈವ್ ಇರುವ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳಿ, ಎಷ್ಟು ಹಳೆಯದಾದರೂ ಪರವಾಗಿಲ್ಲ, ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವುದರಿಂದ ಗಾಡಿ ಜಾರುವುದಿಲ್ಲ, ಬೇರೆ ಟೈರು ಬೇಕಿಲ್ಲ. ಇದೇ ಸಂದೇಶ ಊರಲ್ಲಿರುವ ಅಪ್ಪ ಅಮ್ಮನ ಮೊಬೈಲಿಗೂ ಬರುತ್ತದೆ. ಅವರು ಕಾಳಜಿಯಿಂದ ಮಗನಿಗೋ ಮಗಳಿಗೋ ಕಳಿಸುತ್ತಾರೆ.

ಈ ಸಂದೇಶದಲ್ಲಿ ಅರ್ಧ ನಿಜವಿದೆ. ಅಪಾಯ ಇರುವುದು ಉಳಿದರ್ಧದಲ್ಲಿ.

ನಿಜ ಯಾವುದು? ಹಿಮದ ಮೇಲೆ ನಿಂತ ಕಾರು ಹೊರಡುವಾಗ, ಏರು ಹತ್ತುವಾಗ ಆಲ್ ವೀಲ್ ಡ್ರೈವ್ ಖಂಡಿತ ಸಹಾಯ ಮಾಡುತ್ತದೆ. ಎರಡು ಚಕ್ರದ ಬದಲು ನಾಲ್ಕು ಚಕ್ರ ನೆಲವನ್ನು ಹಿಂದಕ್ಕೆ ತಳ್ಳುತ್ತವೆ, ಹಾಗಾಗಿ ಒಂದೇ ಚಕ್ರ ನಿಂತಲ್ಲೇ ತಿರುಗುವ ಫಜೀತಿ ಕಡಿಮೆ. ಆದರೆ ಬ್ರೇಕ್ ಒತ್ತಿದಾಗ ಏನಾಗುತ್ತದೆ? ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕೂ ಚಕ್ರಕ್ಕೇ ಇರುತ್ತದೆ, ಸಾಧಾರಣ ಕೊರೊಲ್ಲಾದಲ್ಲೂ. ನಿಲ್ಲುವ ವಿಷಯದಲ್ಲಿ ಆಲ್ ವೀಲ್ ಡ್ರೈವ್ ಕಾರಿಗೆ ಯಾವ ಹೆಚ್ಚುಗಾರಿಕೆಯೂ ಇಲ್ಲ. ತಿರುವಿನಲ್ಲಿ ಕಾರನ್ನು ರಸ್ತೆಗೆ ಹಿಡಿದಿಡುವುದೂ ಎಂಜಿನ್ ಅಲ್ಲ, ಟೈರು.

ಒಂದು ಸಣ್ಣ ಲೆಕ್ಕ ನೋಡೋಣ. ಗಂಟೆಗೆ 50 ಕಿ.ಮೀ. ವೇಗದಲ್ಲಿರುವ ಕಾರಿಗೆ ಜೋರಾಗಿ ಬ್ರೇಕ್ ಹಾಕಿದರೆ ಒಣ ಡಾಂಬರಿನ ಮೇಲೆ ಅದು ಸುಮಾರು 14 ಮೀಟರಿನಲ್ಲಿ ನಿಲ್ಲುತ್ತದೆ. ಗಟ್ಟಿಯಾಗಿ ತುಳಿದುಹೋದ ಹಿಮದ ಮೇಲೆ ಘರ್ಷಣೆ ಮೂರನೇ ಒಂದು ಪಾಲಿಗೆ ಇಳಿಯುತ್ತದೆ, ಆಗ ಬೇಕಾಗುವ ದೂರ ಸುಮಾರು 40 ಮೀಟರ್. ಮಂಜುಗಡ್ಡೆಯ ಮೇಲಾದರೆ 100 ಮೀಟರಿನ ಹತ್ತಿರ. ಕ್ರಿಕೆಟ್ ಪಿಚ್‌ನ ಅಳತೆಯಲ್ಲಿ ಹೇಳುವುದಾದರೆ ಒಣ ರಸ್ತೆಯಲ್ಲಿ ಒಂದು ಪಿಚ್ ಮುಗಿಯುವುದರೊಳಗೆ, ಹಿಮದಲ್ಲಿ ಎರಡು ಪಿಚ್, ಗಡ್ಡೆಯ ಮೇಲೆ ಐದು ಪಿಚ್. ಇದು ಕಾಲು ಬ್ರೇಕ್ ಮೇಲೆ ಬಿದ್ದ ನಂತರದ ದೂರ ಮಾತ್ರ, ಅಪಾಯ ಕಂಡು ಕಾಲು ಎತ್ತಿಡುವ ಸಮಯ ಸೇರಿಲ್ಲ. ವೇಗ ಎರಡು ಪಟ್ಟಾದರೆ ದೂರ ನಾಲ್ಕು ಪಟ್ಟಾಗುತ್ತದೆ. ಆಲ್ ವೀಲ್ ಡ್ರೈವ್ ಕಾರು ಹಿಮದಲ್ಲಿ ಸರಾಗವಾಗಿ ವೇಗ ಹಿಡಿಯುವುದರಿಂದ ರಸ್ತೆ ಎಷ್ಟು ಜಾರುತ್ತಿದೆ ಎನ್ನುವುದು ಚಾಲಕರಿಗೆ ತಿಳಿಯುವುದೇ ಬ್ರೇಕ್ ಒತ್ತಿದಾಗ. ನಮ್ಮ ದೃಷ್ಟಿಯಲ್ಲಿ ಆ ಸಂದೇಶದ ನಿಜವಾದ ತೊಂದರೆ ಇದೇ.

ಹಾಗಾದರೆ ದುಡ್ಡು ಎಲ್ಲಿಗೆ ಹಾಕಬೇಕು? ಮೊದಲು ಟೈರಿಗೆ, ಆಮೇಲೆ ಕಾರಿಗೆ.

ಮಾಮೂಲಿ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಡುಸಾಗುತ್ತಾ ಹೋಗುತ್ತದೆ, ರಸ್ತೆಯ ಸಣ್ಣ ತರಿಗಳಿಗೆ ಅಂಟಿಕೊಳ್ಳುವುದಿಲ್ಲ. ಚಳಿಗಾಲದ ಟೈರಿನ ರಬ್ಬರು ಅದಕ್ಕೂ ಕೆಳಗಿನ ಚಳಿಯಲ್ಲಿ ಮೆತ್ತಗೇ ಇರುವಂತೆ ಮಾಡಿದ್ದು. ಅದರ ಮೈಮೇಲೆ ಬ್ಲೇಡಿನಲ್ಲಿ ಸೀಳಿದಂಥ ನೂರಾರು ಸಣ್ಣ ಗೀರುಗಳಿರುತ್ತವೆ, ಅವು ಹಿಮವನ್ನು ಕಚ್ಚುತ್ತವೆ. ಹಿಮಕ್ಕೆ ಹಿಮವೇ ಚೆನ್ನಾಗಿ ಹಿಡಿಯುವುದರಿಂದ ಗೀರಿನೊಳಗೆ ಹಿಮ ತುಂಬಿಕೊಳ್ಳುವುದೂ ಒಳ್ಳೆಯದೇ.

ಟೈರಿನ ಬದಿಯಲ್ಲಿ ಎರಡು ಗುರುತುಗಳನ್ನು ಹುಡುಕಿ. ಒಂದು, ‘ಎಂ’ ಮತ್ತು ‘ಎಸ್’ ಎಂಬ ಇಂಗ್ಲಿಷ್ ಅಕ್ಷರಗಳು, ಕೆಸರು ಮತ್ತು ಹಿಮ ಎಂದು ಅರ್ಥ. ಕೇಳಲು ಗಟ್ಟಿಯಾಗಿದೆ, ಆದರೆ ಇದು ಟೈರಿನ ಮೇಲಿನ ಕಾಲುವೆಗಳ ಆಕಾರವನ್ನು ನೋಡಿ ಕೊಡುವ ಹೆಸರು. ಹಿಮದ ಮೇಲೆ ಓಡಿಸಿ ಪರೀಕ್ಷಿಸಿರಲೇಬೇಕು ಎಂದಿಲ್ಲ. ಇನ್ನೊಂದು, ಮೂರು ಶಿಖರಗಳ ಬೆಟ್ಟದೊಳಗೆ ಒಂದು ಹಿಮದ ಹರಳಿನ ಚಿತ್ರ. ಇದಕ್ಕೆ ತುಳಿದ ಹಿಮದ ಮೇಲೆ ಪರೀಕ್ಷೆ ಪಾಸಾಗಿರಬೇಕು. ಆ ಪರೀಕ್ಷೆಯೂ ಮುಂದಕ್ಕೆ ಎಳೆಯುವ ಹಿಡಿತವನ್ನು ಅಳೆಯುತ್ತದೆಯೇ ಹೊರತು ಮಂಜುಗಡ್ಡೆಯ ಮೇಲಿನ ಬ್ರೇಕನ್ನಲ್ಲ, ಆದರೂ ಎರಡರಲ್ಲಿ ನಂಬಬೇಕಾದದ್ದು ಈ ಚಿತ್ರವನ್ನೇ. ಅಪಾರ್ಟ್‌ಮೆಂಟಿನಲ್ಲಿದ್ದು ಎರಡನೇ ಸೆಟ್ ಟೈರು ಇಡಲು ಜಾಗವಿಲ್ಲದವರು ವರ್ಷವಿಡೀ ಓಡಿಸಬಹುದಾದ, ಆದರೆ ಈ ಬೆಟ್ಟದ ಚಿತ್ರವಿರುವ ‘ಆಲ್ ವೆದರ್’ ಟೈರು ಹಾಕಿಸಬಹುದು. ‘ಆಲ್ ಸೀಸನ್’ ಎಂಬುದು ಬೇರೆ, ಹೆಸರು ಹತ್ತಿರವಿದ್ದು ಜನ ಮೋಸಹೋಗುತ್ತಾರೆ.

ಟೈರು ಹಾಕಿಸಿದರೆ ನಾಲ್ಕನ್ನೂ ಹಾಕಿಸಿ. ಮುಂದಿನ ಎರಡಕ್ಕೆ ಮಾತ್ರ ಹಾಕಿ ದುಡ್ಡು ಉಳಿಸಿದರೆ ಮುಂಭಾಗ ಹಿಡಿದುಕೊಳ್ಳುತ್ತದೆ, ಹಿಂಭಾಗ ತಿರುವಿನಲ್ಲಿ ಪಕ್ಕಕ್ಕೆ ಜಾರಿ ಕಾರು ಗಿರಕಿ ಹೊಡೆಯುತ್ತದೆ.

ಇಲ್ಲಿ ಕಾನೂನೂ ಇದೆ. ಡೆನ್ವರ್ ನಗರದಿಂದ ಪಶ್ಚಿಮಕ್ಕೆ ರಾಕಿ ಪರ್ವತಗಳನ್ನು ದಾಟುವ ಐ-70 ಹೆದ್ದಾರಿಯಲ್ಲಿ, ಮಾರಿಸನ್‌ನಿಂದ ಡಾಟ್ಸೆರೊವರೆಗೆ, ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಟೈರಿನ ನಿಯಮ ಜಾರಿಯಲ್ಲಿರುತ್ತದೆ. ಎರಡು ಚಕ್ರಕ್ಕೆ ಶಕ್ತಿ ಹೋಗುವ ಕಾರಾದರೆ ಮೇಲೆ ಹೇಳಿದ ಗುರುತಿನ ಟೈರು ಇರಬೇಕು, ಇಲ್ಲವೇ ಚೈನು ಜೊತೆಯಲ್ಲಿರಬೇಕು. ಟೈರಿನ ಗೀರು ಒಂದು ಇಂಚಿನ ಹದಿನಾರು ಪಾಲಿನಲ್ಲಿ ಮೂರು ಪಾಲು, ಅಂದರೆ ಸುಮಾರು 4.8 ಮಿ.ಮೀ. ಆಳ ಇರಬೇಕು. ಗಮನಿಸಿ, ಆಲ್ ವೀಲ್ ಡ್ರೈವ್ ಕಾರಿನ ಟೈರಿಗೂ ಇಷ್ಟು ಆಳ ಬೇಕೇ ಬೇಕು. ಮಾಮೂಲಿ ರಸ್ತೆಗೆ ಸಾಕೆನ್ನುವ 1.6 ಮಿ.ಮೀ.ಗೆ ಇದು ಮೂರು ಪಟ್ಟು. ತಪ್ಪಿದರೆ 100 ಡಾಲರಿಗೂ ಹೆಚ್ಚು ದಂಡ. ನಿಮ್ಮ ಕಾರು ಸಿಕ್ಕಿಕೊಂಡು ರಸ್ತೆ ಬಂದ್ ಆದರೆ 650 ಡಾಲರಿಗೂ ಹೆಚ್ಚು. ‘ಬೇರೆ ಟೈರು ಬೇಕಿಲ್ಲ’ ಎಂಬ ಮಾತು ಕಾನೂನಿನ ಮುಂದೆಯೂ ನಿಲ್ಲುವುದಿಲ್ಲ.

ಈಗ ಕಾರಿಗೆ ಬರೋಣ. ಕೈಯಲ್ಲಿ 6,000 ಡಾಲರ್ ಇದೆ ಎಂದಿಟ್ಟುಕೊಳ್ಳಿ. ಎಲ್ಲವನ್ನೂ ಕಾರಿಗೇ ಸುರಿಯಬೇಡಿ. ಟೈರು, ಬ್ಯಾಟರಿ, ಮೆಕ್ಯಾನಿಕ್‌ನಿಂದ ತಪಾಸಣೆ, ಇವುಗಳಿಗೆ ಸಾವಿರ ಡಾಲರಿನಷ್ಟು ಪಕ್ಕಕ್ಕಿಟ್ಟು ಉಳಿದದ್ದರಲ್ಲಿ ಕಾರು ಹುಡುಕಿ. ಡೆನ್ವರ್‌ನಲ್ಲಿದ್ದು ಚಳಿಗಾಲದಲ್ಲಿ ನಾಲ್ಕಾರು ಸಲ ಬೆಟ್ಟ ಹತ್ತುವವರಿಗೆ, ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಕೊರೊಲ್ಲಾ, ಸಿವಿಕ್ ಥರದ ಕಾರಿಗೆ ಒಳ್ಳೆಯ ಚಳಿಗಾಲದ ಟೈರು ಹಾಕಿಸಿದರೆ ಸಾಕು ಎಂಬುದು ನಮ್ಮ ಅಭಿಪ್ರಾಯ. ಎಂಜಿನ್ನಿನ ಭಾರ ಮುಂದಿನ ಚಕ್ರದ ಮೇಲೇ ಬೀಳುವುದರಿಂದ ಇವು ಹಿಮದಲ್ಲಿ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಎಳೆಯುತ್ತವೆ. ಬೆಟ್ಟದ ಊರುಗಳಲ್ಲೇ ಮನೆ ಮಾಡಿರುವವರ ಮಾತು ಬೇರೆ. ಹಿಮ ತೆಗೆಯದ ಕಡಿದಾದ ಅಡ್ಡರಸ್ತೆಯನ್ನು ದಿನವೂ ಹತ್ತಬೇಕಾದವರಿಗೆ ಆಲ್ ವೀಲ್ ಡ್ರೈವ್ ಮತ್ತು ಚಳಿಗಾಲದ ಟೈರು ಎರಡೂ ಬೇಕು. ಹಿಂದಿನ ಚಕ್ರಕ್ಕೆ ಮಾತ್ರ ಶಕ್ತಿ ಹೋಗುವ ಹಳೇ ಸ್ಪೋರ್ಟ್ಸ್ ಕಾರು, ಪಿಕಪ್‌ಗಳನ್ನು ಹೊಸಬರು ಬಿಡುವುದೇ ಒಳ್ಳೆಯದು.

ಕೊಲರಾಡೊದಲ್ಲಿ ಹಳೇ ಕಾರು ಎಂದರೆ ಮೊದಲು ಕೇಳಿಬರುವ ಹೆಸರು ಸುಬಾರು. ಒಂದು ಸ್ಪೋರ್ಟ್ಸ್ ಮಾದರಿ ಬಿಟ್ಟರೆ ಅಮೆರಿಕದಲ್ಲಿ ಮಾರುವ ಆ ಕಂಪನಿಯ ಪೆಟ್ರೋಲ್ ಕಾರುಗಳಿಗೆಲ್ಲ ಆಲ್ ವೀಲ್ ಡ್ರೈವ್ ಇದೆ. ಒಳ್ಳೆಯ ಕಾರುಗಳೇ. ಬೇಡಿಕೆ ಹೆಚ್ಚು, ಹಾಗಾಗಿ ಅದೇ ದುಡ್ಡಿಗೆ ಹೆಚ್ಚು ಓಡಿದ, ಹೆಚ್ಚು ದಣಿದ ಕಾರು ಸಿಗುತ್ತದೆ. ಸುಮಾರು 1990ರ ದಶಕದ ಕೊನೆಯಿಂದ 2010ರ ಆಸುಪಾಸಿನವರೆಗಿನ 2.5 ಲೀಟರ್ ಎಂಜಿನ್ನಿನ ಸುಬಾರುಗಳಲ್ಲಿ ಹೆಡ್ ಗ್ಯಾಸ್ಕೆಟ್ ಸೋರುವುದು ಮೆಕ್ಯಾನಿಕ್‌ಗಳಿಗೆಲ್ಲ ಗೊತ್ತಿರುವ ಕಾಯಿಲೆ. ಕೂಲಂಟ್ ಬಾಟಲಿಯಲ್ಲಿ ಗುಳ್ಳೆ ಏಳುವುದು, ಸಿಹಿ ವಾಸನೆ, ಏರಿನಲ್ಲಿ ಬಿಸಿಯ ಮುಳ್ಳು ಮೇಲಕ್ಕೆ ಹೋಗುವುದು ಇದರ ಲಕ್ಷಣ. ಸರಿಪಡಿಸಲು ಸಾವಿರಗಟ್ಟಲೆ ಡಾಲರ್ ಬೇಕು. ಆ ಎಂಜಿನ್ನುಗಳಿಗೆ ಟೈಮಿಂಗ್ ಬೆಲ್ಟ್ ಇರುತ್ತದೆ, ಸುಮಾರು 1,05,000 ಮೈಲಿಗೆ ಬದಲಿಸಬೇಕು. ಬದಲಿಸಿದ ರಸೀದಿ ತೋರಿಸಿ ಎಂದು ಕೇಳಿ, ಬಾಯಿಮಾತು ಸಾಲದು. ಇನ್ನೊಂದು ವಿಷಯ ಎಲ್ಲ ಆಲ್ ವೀಲ್ ಡ್ರೈವ್ ಕಾರಿಗೂ ಸೇರಿದ್ದು: ನಾಲ್ಕೂ ಟೈರು ಒಂದೇ ಅಳತೆಯವು, ಹೆಚ್ಚುಕಡಿಮೆ ಒಂದೇ ಸಮ ಸವೆದವು ಆಗಿರಬೇಕು. ಒಂದು ಹೊಸದು, ಮೂರು ಹಳೆಯವು ಇದ್ದರೆ ಸುತ್ತಳತೆ ಬೇರೆಯಾಗಿ, ಮುಂದಿನ ಮತ್ತು ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಭಾಗ ಸದಾ ತಿಕ್ಕಾಡಿ ಕೆಡುತ್ತದೆ.

ನಮ್ಮ ಊರಿನ ರಸ್ತೆಯಲ್ಲಿ ಸೆಡಾನ್ ಆಗಿ ಓಡಿದ ಸುಜುಕಿ ಎಸ್‌ಎಕ್ಸ್4 ಅಮೆರಿಕದಲ್ಲಿ ಹ್ಯಾಚ್‌ಬ್ಯಾಕ್ ರೂಪದಲ್ಲಿ, ಆಲ್ ವೀಲ್ ಡ್ರೈವ್ ಜೊತೆಗೂ ಬಂದಿತ್ತು. ಈಗ ಅಗ್ಗಕ್ಕೆ ಸಿಗುತ್ತದೆ. ಆದರೆ 2012ರಲ್ಲಿ ಸುಜುಕಿ ಅಲ್ಲಿ ಕಾರು ಮಾರಾಟ ನಿಲ್ಲಿಸುವುದಾಗಿ ಘೋಷಿಸಿತು, ಬಿಡಿಭಾಗಕ್ಕೆ ಅಲೆದಾಟ ಇರುತ್ತದೆ. ಹೆಸರು ನೋಡಿ ಊರಿನ ನೆನಪಾಗಿ ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಸಾಧ್ಯವಾದರೆ 2012ರ ಅಥವಾ ನಂತರದ ಮಾದರಿ ನೋಡಿ. ಆ ವರ್ಷದಿಂದ ಅಮೆರಿಕದಲ್ಲಿ ಮಾರುವ ಎಲ್ಲ ಹೊಸ ಕಾರುಗಳಿಗೂ, ಜಾರುವಾಗ ತಾನೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ಕಾರನ್ನು ನೆಟ್ಟಗಿಡುವ ಇಎಸ್‌ಸಿ ವ್ಯವಸ್ಥೆ ಕಡ್ಡಾಯವಾಯಿತು. ಒಂಟಿ ಕಾರು ರಸ್ತೆ ಬಿಟ್ಟು ಹೋಗುವಂಥ ಮಾರಕ ಅಪಘಾತಗಳನ್ನು ಇದು ಸುಮಾರು ಅರ್ಧದಷ್ಟು ಕಡಿಮೆ ಮಾಡುತ್ತದೆ ಎಂದು ಅಲ್ಲಿನ ವಿಮಾ ಕಂಪನಿಗಳ ಸಂಶೋಧನಾ ಸಂಸ್ಥೆ ಐಐಎಚ್‌ಎಸ್ ಕಂಡುಕೊಂಡಿದೆ. ಕೀ ತಿರುಗಿಸಿದಾಗ ಎಬಿಎಸ್ ಮತ್ತು ಜಾರುವ ಕಾರಿನ ಚಿತ್ರದ ದೀಪಗಳು ಒಮ್ಮೆ ಹೊತ್ತಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವೆಂದರೆ ಯಾರೋ ದೋಷ ಮುಚ್ಚಿಡಲು ದೀಪವನ್ನೇ ಕಿತ್ತಿರಬಹುದು.

ಎತ್ತರದ ಲೆಕ್ಕವನ್ನೂ ಮರೆಯಬಾರದು. ಮುಳ್ಳಯ್ಯನಗಿರಿಯ ತುದಿ ಸುಮಾರು 6,330 ಅಡಿ. ಐ-70 ಹಾದುಹೋಗುವ ಐಸೆನ್‌ಹೋವರ್ ಸುರಂಗ 11,158 ಅಡಿ ಎತ್ತರದಲ್ಲಿದೆ. ಗಾಳಿ ತೆಳುವಾದಂತೆ, ಟರ್ಬೊ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸುಮಾರು ಶೇ. 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸುರಂಗದ ಹತ್ತಿರ ಬರುವಾಗ ಮೂರನೇ ಒಂದು ಪಾಲು ಹೋಗಿರುತ್ತದೆ. ಹಾಗಾಗಿ ಟೆಸ್ಟ್ ಡ್ರೈವನ್ನು ಊರೊಳಗೆ ಒಂದು ಸುತ್ತು ಹೊಡೆದು ಮುಗಿಸಬೇಡಿ. ಗೋಲ್ಡನ್ ಊರಿನ ಬಳಿಯಿಂದ ಹೆದ್ದಾರಿಯಲ್ಲಿ ಬೆಟ್ಟ ಹತ್ತಿಸಿ. ಗೇರ್ ಜಗ್ಗುತ್ತದೆಯೇ, ಬಿಸಿಯ ಮುಳ್ಳು ಅಲ್ಲಾಡುತ್ತದೆಯೇ ನೋಡಿ.

ನೋಡಲು ಹೋಗುವ ದಿನ ಎಂಜಿನ್ ಬಿಸಿ ಮಾಡಿ ಇಡಬೇಡಿ ಎಂದು ಮೊದಲೇ ಹೇಳಿ, ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ತಣ್ಣಗಿದ್ದಾಗ ಸ್ಟಾರ್ಟ್ ಆಗುವ ರೀತಿಯೇ ಬ್ಯಾಟರಿಯ ಆರೋಗ್ಯ ಹೇಳುತ್ತದೆ. ಮೈನಸ್ 18 ಡಿಗ್ರಿಯಲ್ಲಿ ಬ್ಯಾಟರಿಯ ಬಲ ಅರ್ಧಕ್ಕಿಂತ ಕೆಳಗಿಳಿಯಬಹುದು. ಹೀಟರ್ ಮತ್ತು ಗಾಜಿನ ಮಂಜು ತೆಗೆಯುವ ಗಾಳಿಯನ್ನು ಬೇಸಿಗೆಯಲ್ಲಿ ಕೊಂಡರೂ ಹಾಕಿ ನೋಡಿ. ಟೆಕ್ಸಾಸ್, ಅರಿಜೋನಾದಂಥ ಬಿಸಿ ರಾಜ್ಯದಿಂದ ಬಂದ ಕಾರಿಗೆ ತುಕ್ಕು ಕಡಿಮೆ, ಆದರೆ ಯಾರೋ ಕೂಲಂಟ್‌ಗೆ ಬರೀ ನೀರು ಬೆರೆಸಿ ಬೆರೆಸಿ ತೆಳು ಮಾಡಿರಬಹುದು. ನೀರು ಗಡ್ಡೆಯಾಗುವಾಗ ಹಿಗ್ಗಿ ಎಂಜಿನ್ನನ್ನೇ ಸೀಳಬಲ್ಲದು. ಅರ್ಧಕ್ಕರ್ಧ ಕೂಲಂಟ್ ಇದ್ದರೆ ಮೈನಸ್ 37 ಡಿಗ್ರಿವರೆಗೂ ಭಯವಿಲ್ಲ. ಇನ್ನು ರಸ್ತೆಗೆ ಉಪ್ಪು ಸುರಿಯುವ ರಾಜ್ಯಗಳಿಂದ ಬಂದ ಕಾರಾದರೆ ಅಡಿಯಲ್ಲಿ ಬ್ರೇಕ್ ಪೈಪು, ಚಾಸಿಸ್‌ಗೆ ಹಿಡಿದ ತುಕ್ಕನ್ನು ಟಾರ್ಚ್ ಬಿಟ್ಟು ನೋಡಬೇಕು. 17 ಅಕ್ಷರ-ಅಂಕಿಗಳ ವಿನ್ ಸಂಖ್ಯೆಯನ್ನು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆಯ ವೆಬ್‌ಸೈಟಿನಲ್ಲಿ ಹಾಕಿದರೆ ಬಾಕಿ ಇರುವ ರೀಕಾಲ್‌ಗಳು ಉಚಿತವಾಗಿ ತಿಳಿಯುತ್ತವೆ. ‘ಸಾಲ್ವೇಜ್ ಟೈಟಲ್’ ಎಂದಿದ್ದರೆ ವಿಮಾ ಕಂಪನಿ ಆ ಕಾರನ್ನು ಒಮ್ಮೆ ಕೈಬಿಟ್ಟಿದೆ ಎಂದರ್ಥ, ಬೆಲೆ ಎಷ್ಟೇ ಆಕರ್ಷಕವಾಗಿರಲಿ.

ಜೊತೆಗೆ ಬರುವ ಬೇರೆ ಫಾರ್ವರ್ಡ್‌ಗಳ ಬಗ್ಗೆ ಚುಟುಕಾಗಿ. ಟೈರಿನ ಗಾಳಿ ಇಳಿಸಿದರೆ ಹಿಮದಲ್ಲಿ ಹಿಡಿತ ಹೆಚ್ಚುತ್ತದೆ ಎನ್ನುವುದನ್ನು ಹೆದ್ದಾರಿಯಲ್ಲಿ ಪಾಲಿಸಬೇಡಿ. ಚಳಿಗೆ ಗಾಳಿ ತಾನೇ ಇಳಿಯುತ್ತದೆ, ಸುಮಾರು 5.5 ಡಿಗ್ರಿ ಸೆಲ್ಸಿಯಸ್ ತಣ್ಣಗಾದರೆ ಒಂದು ಪಿಎಸ್‌ಐ. ಅದನ್ನು ತುಂಬಿಸಬೇಕೇ ಹೊರತು ಇನ್ನೂ ಇಳಿಸುವುದಲ್ಲ. ಡಿಕ್ಕಿಯಲ್ಲಿ ಮರಳಿನ ಚೀಲ ಇಡುವುದು ಹಿಂದಿನ ಚಕ್ರ ಎಳೆಯುವ ಪಿಕಪ್‌ಗೆ ಸರಿ. ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಅದು ಮುಂಭಾಗವನ್ನು ಹಗುರ ಮಾಡುತ್ತದೆ.

ಇಳಿಜಾರಿನ ಬಗ್ಗೆ ಆಗುಂಬೆ, ಚಾರ್ಮಾಡಿ ಇಳಿಸಿದವರಿಗೆ ಗೊತ್ತಿರುವುದೇ ಇಲ್ಲೂ ನಡೆಯುತ್ತದೆ: ಕೆಳಗಿನ ಗೇರು, ಬ್ರೇಕ್ ಮೇಲೆ ಕಡಿಮೆ ಭಾರ. ಆಟೊಮ್ಯಾಟಿಕ್ ಕಾರಿನಲ್ಲಿ ಕೆಳಗಿನ ಗೇರಿಗೆ ಹಾಕುವುದು ಹೇಗೆಂದು ಕೊಳ್ಳುವ ದಿನವೇ ಕೇಳಿ ತಿಳಿದುಕೊಳ್ಳಿ. ಗಡ್ಡೆಯ ಮೇಲೆ ಮಾತ್ರ ಗೇರನ್ನು ಒಮ್ಮೆಲೇ ಇಳಿಸಬಾರದು, ಅದೂ ಚಕ್ರವನ್ನು ಜಾರಿಸುತ್ತದೆ.

ಊರಿನಲ್ಲಿ ಕುಳಿತು ಚಿಂತಿಸುವ ಅಪ್ಪ ಅಮ್ಮಂದಿರು ಮಕ್ಕಳಿಂದ ಒಂದು ಫೋಟೊ ಕೇಳಬಹುದು, ಕಾರಿನದಲ್ಲ, ಟೈರಿನ ಬದಿಯದ್ದು. ಬೆಟ್ಟ ಮತ್ತು ಹಿಮದ ಹರಳಿನ ಚಿತ್ರ ಇದೆಯೇ ನೋಡಿ. ಅಲ್ಲೇ ‘ಡಾಟ್’ ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ. 2319 ಎಂದಿದ್ದರೆ ಅದು 2019ರ 23ನೇ ವಾರ ತಯಾರಾದ ಟೈರು.