ಪರೀಕ್ಷೆ ಗೆದ್ದರೂ ಸಿಗದ ಪದವಿ

ಮನಃಶಾಸ್ತ್ರದಲ್ಲಿ ಉನ್ನತ ವ್ಯಾಸಂಗಕ್ಕೆ ಅರ್ಜಿ ಹಾಕುವವರ ಪಾಡು ಸುಲಭದ್ದಲ್ಲ. ಅಂಕಪಟ್ಟಿ ಬೇಕು, ಗುರುಗಳ ಶಿಫಾರಸು ಪತ್ರ ಬೇಕು, ಈ ವಿಷಯವನ್ನೇ ಏಕೆ ಓದಬೇಕು ಎಂಬುದಕ್ಕೆ ಒಂದೆರಡು ಪುಟದ ವಿವರಣೆ ಬೇಕು, ಕೆಲವೆಡೆ ಪ್ರವೇಶ ಪರೀಕ್ಷೆಯನ್ನೂ ಬರೆಯಬೇಕು. ಇಷ್ಟೆಲ್ಲ ಆದ ಮೇಲೂ ಸೀಟು ಸಿಗುತ್ತದೆಂಬ ಖಾತರಿಯಿಲ್ಲ. ಆದರೂ ಇಂದಿನ ಅರ್ಜಿದಾರರಿಗೆ ಒಂದು ಸಮಾಧಾನವಿದೆ. ಹೆಣ್ಣು ಎಂಬ ಕಾರಣಕ್ಕೋ ಚರ್ಮದ ಬಣ್ಣದ ಕಾರಣಕ್ಕೋ ಅರ್ಜಿಯನ್ನು ಪಕ್ಕಕ್ಕಿಡುತ್ತೇವೆಂದು ಯಾವ ವಿಶ್ವವಿದ್ಯಾನಿಲಯವೂ ಬಾಯಿಬಿಟ್ಟು ಹೇಳುವಂತಿಲ್ಲ.

ಒಂದು ಕಾಲದಲ್ಲಿ ಹಾಗೆ ಹೇಳುತ್ತಿದ್ದರು, ಲಿಖಿತವಾಗಿಯೇ ಹೇಳುತ್ತಿದ್ದರು. ಎಲ್ಲ ಪಾಠಗಳನ್ನೂ ಓದಿ, ಪ್ರಬಂಧ ಬರೆದು, ಪರೀಕ್ಷೆಯಲ್ಲಿ ಗುರುಗಳನ್ನೇ ಬೆರಗುಗೊಳಿಸಿದ ವಿದ್ಯಾರ್ಥಿನಿಯೊಬ್ಬರಿಗೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಕೊನೆಗೂ ಪದವಿ ಕೊಡಲಿಲ್ಲ. ಆಕೆಯ ಹೆಸರು ಮೇರಿ ವಿಟನ್ ಕಾಲ್ಕಿನ್ಸ್.

ಹೊಸ ವಿಜ್ಞಾನ, ಹಳೆಯ ಬಾಗಿಲು

ಮನಸ್ಸಿನ ಬಗೆಗಿನ ಚಿಂತನೆ ಬಹು ಹಳೆಯದು. ಆದರೆ ಅದನ್ನು ಪ್ರಯೋಗಾಲಯಕ್ಕೆ ತಂದು, ಅಳೆದು ತೂಗುವ ಶಾಸ್ತ್ರವಾಗಿ ಮಾಡಿದ ಕೀರ್ತಿ ಜರ್ಮನಿಯ ವಿಲ್‌ಹೆಲ್ಮ್ ವುಂಟ್‌ಗೆ ಸಲ್ಲುತ್ತದೆ. ಲೈಪ್‌ಜಿಗ್‌ನಲ್ಲಿ 1879ರಲ್ಲಿ ಆತ ತೆರೆದ ಪ್ರಯೋಗಾಲಯಕ್ಕೆ ಹಲವು ದೇಶಗಳ ವಿದ್ಯಾರ್ಥಿಗಳು ಬಂದರು. ಅಮೆರಿಕದಲ್ಲಿ ಹಾರ್ವರ್ಡ್‌ನ ವಿಲಿಯಂ ಜೇಮ್ಸ್ ಈ ಹೊಸ ವಿದ್ಯೆಯ ಗುರುವೆನಿಸಿದ್ದರು. ಅವರ ಶಿಷ್ಯ ಸ್ಟ್ಯಾನ್ಲಿ ಹಾಲ್ 1878ರಲ್ಲೇ ಅಲ್ಲಿ ಡಾಕ್ಟರೇಟ್ ಪಡೆದಿದ್ದರು. ಮನಃಶಾಸ್ತ್ರದ ವಿಷಯದಲ್ಲಿ ಅಮೆರಿಕ ನೀಡಿದ ಮೊದಲ ಡಾಕ್ಟರೇಟ್ ಅದೇ ಎಂದು ಗಣಿಸಲಾಗಿದೆ.

ಶಾಸ್ತ್ರ ಹೊಸದಾದರೂ ವಿಶ್ವವಿದ್ಯಾನಿಲಯದ ಬಾಗಿಲು ಹಳೆಯದೇ. ಅದು ತೆರೆಯುತ್ತಿದ್ದುದು ಗಂಡಸರಿಗೆ ಮಾತ್ರ. ಕ್ರಿಸ್ಟಿನ್ ಲ್ಯಾಡ್ ಎಂಬಾಕೆ 1878ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾನಿಲಯ ಸೇರಿದ್ದು ಗಣಿತಜ್ಞ ಸಿಲ್ವೆಸ್ಟರ್ ಆಕೆಯ ಲೇಖನಗಳನ್ನು ಓದಿ ಮೆಚ್ಚಿ, ಪಟ್ಟುಹಿಡಿದು ಶಿಫಾರಸು ಮಾಡಿದ್ದರಿಂದ. 1882ರ ಹೊತ್ತಿಗೆ ಡಾಕ್ಟರೇಟ್‌ಗೆ ಬೇಕಾದುದೆಲ್ಲವನ್ನೂ ಆಕೆ ಮುಗಿಸಿದ್ದರು. ತರ್ಕಶಾಸ್ತ್ರದಲ್ಲೂ ಬಣ್ಣಗಳ ಗ್ರಹಿಕೆಯ ಸಿದ್ಧಾಂತದಲ್ಲೂ ಮುಂದೆ ಹೆಸರು ಮಾಡಿದರು. ಪದವಿ ಮಾತ್ರ ಕೈಗೆ ಬಂದದ್ದು 1926ರಲ್ಲಿ, 44 ವರ್ಷಗಳ ನಂತರ. ಆಗ ಆಕೆಗೆ ಎಪ್ಪತ್ತೆಂಟು ದಾಟಿತ್ತು.

ಗ್ರೀಕ್ ಮೇಡಂ ಮನಃಶಾಸ್ತ್ರಕ್ಕೆ

ಕಾಲ್ಕಿನ್ಸ್ ಹುಟ್ಟಿದ್ದು 1863ರಲ್ಲಿ. ತಂದೆ ಕ್ರೈಸ್ತ ಪಾದ್ರಿ. ಸ್ಮಿತ್ ಕಾಲೇಜಿನಲ್ಲಿ ಓದಿ, 1887ರಲ್ಲಿ ವೆಲ್‌ಸ್ಲಿ ಮಹಿಳಾ ಕಾಲೇಜಿನಲ್ಲಿ ಗ್ರೀಕ್ ಭಾಷೆ ಕಲಿಸಲು ಸೇರಿದರು. ಅಲ್ಲಿ ಹೊಸದಾಗಿ ಮನಃಶಾಸ್ತ್ರ ಆರಂಭಿಸಬೇಕೆಂದು ಆಡಳಿತ ಯೋಚಿಸುತ್ತಿತ್ತು. ಕಲಿಸಬಲ್ಲ ಮಹಿಳೆಯರು ಸಿಗುವುದು ಕಷ್ಟವಾಗಿತ್ತು. ಪಾಠ ಹೇಳುವುದರಲ್ಲಿ ಪಳಗಿದ್ದ ಕಾಲ್ಕಿನ್ಸ್‌ಗೆ ಆ ಹುದ್ದೆ ಕೊಡುವುದೆಂದು ತೀರ್ಮಾನವಾಯಿತು. ಷರತ್ತು ಒಂದೇ: ಅದಕ್ಕೆ ಮೊದಲು ಒಂದು ವರ್ಷ ಎಲ್ಲಾದರೂ ಆ ವಿಷಯವನ್ನು ಓದಿ ಬರಬೇಕು.

ಓದುವುದಾದರೂ ಎಲ್ಲಿ? ಜರ್ಮನಿಯಲ್ಲಿ ಮಹಿಳೆಯರನ್ನು ತರಗತಿಗೆ ಬಿಟ್ಟುಕೊಳ್ಳುತ್ತಾರೆಂಬ ಭರವಸೆ ಇರಲಿಲ್ಲ. ಹಾರ್ವರ್ಡ್ ಹತ್ತಿರದಲ್ಲೇ ಇತ್ತು. ಜೇಮ್ಸ್ ಮತ್ತು ತತ್ವಶಾಸ್ತ್ರಜ್ಞ ಜೊಸಯ ರಾಯ್ಸ್ ಇಬ್ಬರೂ ತಮ್ಮ ತರಗತಿಗೆ ಬರಬಹುದೆಂದರು. ಆದರೆ ವಿಶ್ವವಿದ್ಯಾನಿಲಯದ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಒಪ್ಪಲಿಲ್ಲ. ಗಂಡಸರ ತರಗತಿಯಲ್ಲಿ ಹೆಣ್ಣೊಬ್ಬಳು ಕುಳಿತರೆ ಆಡಳಿತ ಮಂಡಳಿ ಏನೆಂದೀತು ಎಂಬ ಅಳುಕು ಅವರಿಗಿತ್ತು. ಆಕೆಯ ತಂದೆ ಮನವಿ ಬರೆದರು. ವೆಲ್‌ಸ್ಲಿ ಕಾಲೇಜಿನ ಮುಖ್ಯಸ್ಥರೂ ಬೆಂಬಲದ ಪತ್ರ ಕಳಿಸಿದರು. ಕೊನೆಗೆ 1890ರ ಅಕ್ಟೋಬರ್‌ನಲ್ಲಿ ಅನುಮತಿ ಬಂತು. ಪಾಠ ಕೇಳಬಹುದು, ಆದರೆ ವಿದ್ಯಾರ್ಥಿನಿಯಾಗಿ ಹೆಸರು ನೋಂದಾಯಿಸುವಂತಿಲ್ಲ. ಎಂದರೆ ಆಕೆ ಅತಿಥಿ ಮಾತ್ರ!

ಆ ವರ್ಷವೇ ಜೇಮ್ಸ್ ಅವರ ಮನಃಶಾಸ್ತ್ರದ ಬೃಹತ್ ಗ್ರಂಥ ಪ್ರಕಟವಾಗಿತ್ತು. ತರಗತಿಗೆ ಹೆಸರು ಕೊಟ್ಟಿದ್ದ ಗಂಡು ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಉಳಿದವರು ಕಾಲ್ಕಿನ್ಸ್ ಒಬ್ಬರೇ. ಗ್ರಂಥಾಲಯದ ಅಗ್ಗಿಷ್ಟಿಕೆಯ ಆ ಬದಿ ಗುರು, ಈ ಬದಿ ಶಿಷ್ಯೆ ಕುಳಿತು, ಅಚ್ಚಿನಮನೆಯಿಂದ ಆಗಷ್ಟೇ ಬಂದ ಗ್ರಂಥವನ್ನು ಚರ್ಚಿಸಿದರು. ನೋಂದಣಿ ಪುಸ್ತಕದಲ್ಲಿ ಹೆಸರಿಲ್ಲದ ಆಕೆಗೆ ಸಿಕ್ಕಿದಂಥ ಪಾಠ ಹೆಸರಿದ್ದವರಿಗೂ ಸಿಗಲಿಲ್ಲ.

ಪ್ರಯೋಗದ ಕೆಲಸವನ್ನು ಆಕೆ ಕಲಿತದ್ದು ಕ್ಲಾರ್ಕ್ ವಿಶ್ವವಿದ್ಯಾನಿಲಯದ ಎಡ್ಮಂಡ್ ಸ್ಯಾನ್‌ಫರ್ಡ್ ಬಳಿ. ಇಬ್ಬರೂ ರಾತ್ರಿ ಅಲಾರಂ ಇಟ್ಟುಕೊಂಡು ಎದ್ದು ತಮ್ಮ ತಮ್ಮ ಕನಸುಗಳನ್ನು ಬರೆದಿಟ್ಟು ಅಧ್ಯಯನ ಮಾಡಿದರು. 1891ರಲ್ಲಿ ವೆಲ್‌ಸ್ಲಿಗೆ ಮರಳಿದ ಕಾಲ್ಕಿನ್ಸ್ ಅಲ್ಲಿ ಮನಃಶಾಸ್ತ್ರದ ಪ್ರಯೋಗಾಲಯ ತೆರೆದರು. ಮಹಿಳಾ ಕಾಲೇಜೊಂದರಲ್ಲಿ ಅಂಥ ಪ್ರಯೋಗಾಲಯ ಅದೇ ಮೊದಲು.

ಪರೀಕ್ಷೆ ಮುಗಿಯಿತು, ಮುಂದೆ?

ಮತ್ತೆ ಓದಬೇಕೆನ್ನಿಸಿದಾಗ ಆಕೆ ಹೋದದ್ದು ಹಾರ್ವರ್ಡ್‌ಗೇ. ಜರ್ಮನಿಯಿಂದ ಬಂದಿದ್ದ ಹ್ಯೂಗೋ ಮನ್‌ಸ್ಟರ್‌ಬರ್ಗ್ ಅಲ್ಲಿನ ಪ್ರಯೋಗಾಲಯದ ಮುಖ್ಯಸ್ಥರಾಗಿದ್ದರು. ಅವರ ಬಳಿ ಕಾಲ್ಕಿನ್ಸ್ ನೆನಪಿನ ಶಕ್ತಿಯ ಬಗ್ಗೆ ಪ್ರಯೋಗ ನಡೆಸಿದರು. ಒಂದು ಬಣ್ಣ ತೋರಿಸಿ, ಅದರ ಜೊತೆಗೆ ಒಂದು ಅಂಕೆ ತೋರಿಸುವುದು. ಹೀಗೆ ಹಲವು ಜೋಡಿ ಆದ ಮೇಲೆ ಬಣ್ಣವನ್ನಷ್ಟೇ ತೋರಿಸಿ ಅಂಕೆ ಯಾವುದೆಂದು ಕೇಳುವುದು. ಎದ್ದು ಕಾಣುವಂತೆ ತೋರಿಸಿದ ಜೋಡಿ ನೆನಪಿರುತ್ತದೆಯೇ, ಕೊನೆಯಲ್ಲಿ ನೋಡಿದ್ದೇ, ಪದೇ ಪದೇ ಕಂಡದ್ದೇ? ಎಲ್ಲಕ್ಕಿಂತ ಹೆಚ್ಚು ಬಲವಾದದ್ದು ಪುನರಾವರ್ತನೆ ಎಂದು ಆಕೆ ಕಂಡುಕೊಂಡರು. ಮಗ್ಗಿಯನ್ನು ದಿನವೂ ಬಾಯಿಪಾಠ ಮಾಡಿಸುತ್ತಿದ್ದ ನಮ್ಮ ಶಾಲಾ ಮೇಷ್ಟ್ರುಗಳಿಗೆ ಇದು ಅನುಭವದಿಂದ ಗೊತ್ತಿದ್ದ ಸಂಗತಿ. ಅದನ್ನು ಪ್ರಯೋಗದಿಂದ ತೂಗಿ ನೋಡುವ ವಿಧಾನ ಕಾಲ್ಕಿನ್ಸ್ ಅವರ ಕೊಡುಗೆ. ನೆನಪಿನ ಸಂಶೋಧನೆಯಲ್ಲಿ ಈ ಜೋಡಿ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಈಕೆಯನ್ನು ಡಾಕ್ಟರೇಟ್ ಅಭ್ಯರ್ಥಿಯಾಗಿ ಒಪ್ಪಿಕೊಳ್ಳಿ ಎಂದು ಮನ್‌ಸ್ಟರ್‌ಬರ್ಗ್ 1894ರಲ್ಲಿ ಆಡಳಿತ ಮಂಡಳಿಗೆ ಬರೆದರು. ಉತ್ತರ ಬಂದದ್ದು ಆಗುವುದಿಲ್ಲವೆಂದು. ಗುರುಗಳು ಅಲ್ಲಿಗೇ ಬಿಡಲಿಲ್ಲ. 1895ರ ಮೇ ತಿಂಗಳಲ್ಲಿ ಜೇಮ್ಸ್, ರಾಯ್ಸ್, ಮನ್‌ಸ್ಟರ್‌ಬರ್ಗ್ ಮೊದಲಾದವರು ತಾವೇ ಕುಳಿತು ಡಾಕ್ಟರೇಟ್ ಮಟ್ಟದ ಮೌಖಿಕ ಪರೀಕ್ಷೆ ನಡೆಸಿದರು. ಅದಕ್ಕೆ ವಿಶ್ವವಿದ್ಯಾನಿಲಯದ ಮಾನ್ಯತೆ ಇರಲಿಲ್ಲ. ತಾವು ಹಾರ್ವರ್ಡ್‌ನಲ್ಲಿ ಕಂಡ ಪರೀಕ್ಷೆಗಳಲ್ಲೆಲ್ಲ ಇಷ್ಟು ಉಜ್ವಲವಾದದ್ದು ಇನ್ನೊಂದಿಲ್ಲ ಎಂಬರ್ಥದಲ್ಲಿ ಜೇಮ್ಸ್ ಆಮೇಲೆ ಬರೆದರು. ಪದವಿಗೆ ಬೇಕಾದುದೆಲ್ಲವನ್ನೂ ಈಕೆ ಪೂರೈಸಿದ್ದಾರೆಂದು ವಿಭಾಗ ಒಮ್ಮತದಿಂದ ತಿಳಿಸಿತು. ಆಡಳಿತ ಮಂಡಳಿ ಆ ಪತ್ರವನ್ನು ದಾಖಲೆಗೆ ಸೇರಿಸಿ ಸುಮ್ಮನಾಯಿತು.

1902ರಲ್ಲಿ ಒಂದು ರಾಜಿಸೂತ್ರ ಬಂತು. ಹಾರ್ವರ್ಡ್‌ಗೆ ಹೊಂದಿಕೊಂಡಿದ್ದ ರ‍್ಯಾಡ್‌ಕ್ಲಿಫ್ ಮಹಿಳಾ ಕಾಲೇಜಿನ ಹೆಸರಿನಲ್ಲಿ ಕಾಲ್ಕಿನ್ಸ್ ಸೇರಿ ನಾಲ್ವರು ಮಹಿಳೆಯರಿಗೆ ಡಾಕ್ಟರೇಟ್ ಕೊಡುವುದಾಗಿ ತಿಳಿಸಲಾಯಿತು. ಒಪ್ಪಿಕೊಳ್ಳಿರೆಂದು ಮನ್‌ಸ್ಟರ್‌ಬರ್ಗ್ ಕೂಡ ಒತ್ತಾಯಿಸಿದರು. ಕಾಲ್ಕಿನ್ಸ್ ಒಪ್ಪಲಿಲ್ಲ. ತಾವು ಓದಿದ್ದು ಹಾರ್ವರ್ಡ್‌ನಲ್ಲೇ ಹೊರತು ರ‍್ಯಾಡ್‌ಕ್ಲಿಫ್‌ನಲ್ಲಲ್ಲ. ಇಂಥ ಬದಲಿ ವ್ಯವಸ್ಥೆಗೆ ಒಪ್ಪಿದರೆ ಹಾರ್ವರ್ಡ್ ಮಹಿಳೆಯರಿಗೆ ಬಾಗಿಲು ತೆರೆಯುವ ದಿನ ಇನ್ನೂ ದೂರ ಹೋಗುತ್ತದೆ ಎಂಬುದು ಅವರ ನಿಲುವು. ಪದವಿ ಒಪ್ಪಿದ ಮಹಿಳೆಯರ ಬಗ್ಗೆ ಅವರು ಕಟುವಾಗಿ ಮಾತನಾಡಲಿಲ್ಲ. ಪದವಿ ಇದ್ದರೆ ಅನುಕೂಲವೆಂಬುದು ಅವರಿಗೂ ಗೊತ್ತಿತ್ತು.

ಪದವಿಯಿಲ್ಲದ ಈ ವಿದುಷಿ 1905ರಲ್ಲಿ ಅಮೆರಿಕದ ಮನಃಶಾಸ್ತ್ರ ಸಂಘದ ಅಧ್ಯಕ್ಷೆಯಾದರು. ಆ ಸ್ಥಾನಕ್ಕೇರಿದ ಮೊದಲ ಮಹಿಳೆ ಅವರು. 1918ರಲ್ಲಿ ಅಲ್ಲಿನ ತತ್ವಶಾಸ್ತ್ರ ಸಂಘಕ್ಕೂ ಅಧ್ಯಕ್ಷೆಯಾದರು. 1927ರಲ್ಲಿ ಹಾರ್ವರ್ಡ್‌ನಲ್ಲಿ ಓದಿ ಹೆಸರಾದ ಹಲವು ಮನಃಶಾಸ್ತ್ರಜ್ಞರು, ತತ್ವಶಾಸ್ತ್ರಜ್ಞರು ಸೇರಿ ಈಗಲಾದರೂ ಪದವಿ ಕೊಡಿ ಎಂದು ಮನವಿ ಸಲ್ಲಿಸಿದರು. ಸಾಕಷ್ಟು ಕಾರಣ ಕಾಣುತ್ತಿಲ್ಲವೆಂಬ ಉತ್ತರ ಬಂತು. 1930ರಲ್ಲಿ ಕಾಲ್ಕಿನ್ಸ್ ತೀರಿಕೊಂಡರು. ರ‍್ಯಾಡ್‌ಕ್ಲಿಫ್ ವಿದ್ಯಾರ್ಥಿನಿಯರಿಗೆ ಹಾರ್ವರ್ಡ್ ಪದವಿ ಸಿಗತೊಡಗಿದ್ದು 1963ರಲ್ಲಿ.

ಬೇರೆ ಬಾಗಿಲು ಹುಡುಕಿದವರು

ಎಲ್ಲರೂ ಒಂದೇ ಬಾಗಿಲನ್ನು ತಟ್ಟುತ್ತ ನಿಲ್ಲಲಿಲ್ಲ. ಮಾರ್ಗರೆಟ್ ವಾಷ್‌ಬರ್ನ್ ಕೊಲಂಬಿಯಾ ವಿಶ್ವವಿದ್ಯಾನಿಲಯದಲ್ಲಿ ಕೇವಲ ಪಾಠ ಕೇಳುವವರಾಗಿ ಸೇರಿದರು. ಅಲ್ಲಿನ ಗುರು ಜೇಮ್ಸ್ ಕ್ಯಾಟೆಲ್ ಮಹಿಳೆಯರಿಗೂ ಪದವಿ ಕೊಡುತ್ತಿದ್ದ ಕಾರ್ನೆಲ್‌ಗೆ ಅರ್ಜಿ ಹಾಕಲು ಸಲಹೆಯಿತ್ತರು. 1894ರಲ್ಲಿ ಅಲ್ಲಿ ವಾಷ್‌ಬರ್ನ್‌ಗೆ ಡಾಕ್ಟರೇಟ್ ದೊರೆಯಿತು. ಮನಃಶಾಸ್ತ್ರದಲ್ಲಿ ಆ ಪದವಿ ಕೈಗೆ ಬಂದ ಮೊದಲ ಮಹಿಳೆ ಅವರೇ. ಆದರೆ ಅವರ ಗುರು ಟಿಚನರ್ 1904ರಲ್ಲಿ ಕಟ್ಟಿದ ಪ್ರಯೋಗ ಮನಃಶಾಸ್ತ್ರಜ್ಞರ ಕೂಟಕ್ಕೆ ಮಹಿಳೆಯರಿಗೆ ಪ್ರವೇಶವಿರಲಿಲ್ಲ! ಪದವಿಯ ಬಾಗಿಲು ದಾಟಿದರೂ ಒಳಗಿನ ಕೋಣೆಯ ಬಾಗಿಲು ಮುಚ್ಚಿಯೇ ಇತ್ತು.

ಕಪ್ಪು ಜನರಿಗೆ ಈ ದಾರಿ ಇನ್ನೂ ದುರ್ಗಮವಾಗಿತ್ತು. ಅರ್ಕಾನ್ಸಾಸ್‌ನ ಫ್ರಾನ್ಸಿಸ್ ಸಮ್ನರ್ ಹೈಸ್ಕೂಲು ಸರ್ಟಿಫಿಕೇಟಿಲ್ಲದೆ, ತಂದೆತಾಯಿಯರಿಂದ ಮನೆಪಾಠ ಹೇಳಿಸಿಕೊಂಡು, ಪ್ರವೇಶ ಪರೀಕ್ಷೆ ಬರೆದು ಕಾಲೇಜು ಸೇರಿದವರು. ಸ್ನಾತಕೋತ್ತರ ಓದಿಗೆ ಹಾಕಿದ ಅರ್ಜಿಗಳು ತಿರಸ್ಕೃತವಾದಾಗ ಕೈ ಹಿಡಿದದ್ದು ಕ್ಲಾರ್ಕ್ ವಿಶ್ವವಿದ್ಯಾನಿಲಯದ ಅಧ್ಯಕ್ಷರಾಗಿದ್ದ, ಆ ಹಳೆಯ ಸ್ಟ್ಯಾನ್ಲಿ ಹಾಲ್. ಮೊದಲ ಮಹಾಯುದ್ಧಕ್ಕೆ ಸೈನಿಕನಾಗಿ ಹೋಗಿ ಬಂದ ಸಮ್ನರ್ 1920ರಲ್ಲಿ ಡಾಕ್ಟರೇಟ್ ಪಡೆದರು. ಮನಃಶಾಸ್ತ್ರದಲ್ಲಿ ಅದನ್ನು ಗಳಿಸಿದ ಮೊದಲ ಕಪ್ಪು ಅಮೆರಿಕನ್ ಅವರು.

ಮುಂದೆ ಹೊವಾರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಮ್ನರ್ ಪಾಠ ಹೇಳಿದವರಲ್ಲಿ ಕೆನೆತ್ ಕ್ಲಾರ್ಕ್ ಒಬ್ಬರು. ಆತ ಮತ್ತು ಪತ್ನಿ ಮೇಮಿ ಕ್ಲಾರ್ಕ್ ಮಕ್ಕಳ ಮುಂದೆ ಕಪ್ಪು ಮತ್ತು ಬಿಳಿ ಗೊಂಬೆಗಳನ್ನಿಟ್ಟು ಯಾವುದು ಚೆನ್ನ ಎಂದು ಕೇಳಿದರು. ಕಪ್ಪು ಮಕ್ಕಳಲ್ಲಿ ಬಹಳ ಮಂದಿ ಬಿಳಿ ಗೊಂಬೆಯತ್ತ ಕೈ ತೋರಿಸಿದರು. ಬಣ್ಣಭೇದದ ಶಾಲೆಗಳು ಸಂವಿಧಾನಬಾಹಿರವೆಂದು 1954ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತಾಗ ಕೆನೆತ್ ಕ್ಲಾರ್ಕ್ ಅವರ ಬರಹವನ್ನೂ ಉಲ್ಲೇಖಿಸಿತು. 1917ರಲ್ಲಿ ಸಮ್ನರ್ ಅರ್ಜಿಯನ್ನು ಹಾಲ್ ಕೂಡ ತಿರಸ್ಕರಿಸಿದ್ದರೆ ಈ ಗುರುಪರಂಪರೆ ಮೊಳೆಯುತ್ತಿರಲಿಲ್ಲ.

ಕಲ್ಕತ್ತೆಯಿಂದ ಮೈಸೂರಿಗೆ

ಕಾಲ್ಕಿನ್ಸ್ ಪರ ವಾದಿಸಿದ ಮನ್‌ಸ್ಟರ್‌ಬರ್ಗ್ ಬಳಿಯೇ ಓದಿದ ಭಾರತೀಯರೊಬ್ಬರಿದ್ದರು: ನರೇಂದ್ರನಾಥ ಸೇನ್‌ಗುಪ್ತ. ಕಲ್ಕತ್ತ ವಿಶ್ವವಿದ್ಯಾನಿಲಯದಲ್ಲಿ 1916ರಲ್ಲಿ ದೇಶದ ಮೊದಲ ಮನಃಶಾಸ್ತ್ರ ವಿಭಾಗ ಆರಂಭವಾದಾಗ ಅದರ ಹೊಣೆ ಹೊತ್ತವರು ಅವರು. ಅಲ್ಲಿನ ಪಠ್ಯಕ್ರಮವನ್ನು ಮೊದಲು ರೂಪಿಸಿದವರು ತತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್. ಕನ್ನಡಿಗರಿಗೆ ಈ ಹೆಸರು ಅಪರಿಚಿತವಲ್ಲ. 1920ರ ದಶಕದಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ಉಪಕುಲಪತಿಯಾಗಿದ್ದರು. ಅವರ ಅವಧಿಯಲ್ಲೇ, 1924ರಲ್ಲಿ, ಮೈಸೂರಿನಲ್ಲೂ ಮನಃಶಾಸ್ತ್ರ ವಿಭಾಗ ಹುಟ್ಟಿಕೊಂಡಿತು.

ಅದರ ಮುಖ್ಯಸ್ಥರಾದವರು ಲಂಡನ್‌ನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಬಳಿ ಓದಿ ಬಂದಿದ್ದ ಎಂ.ವಿ. ಗೋಪಾಲಸ್ವಾಮಿ. ಬುದ್ಧಿಶಕ್ತಿ ಪರೀಕ್ಷೆಗಳನ್ನು ಇಲ್ಲಿನ ಮಕ್ಕಳಿಗೆ ಹೊಂದುವಂತೆ ರೂಪಿಸಲು ಯತ್ನಿಸಿದ ಅವರನ್ನು ಜನ ನೆನೆಯುವುದು ಹೆಚ್ಚಾಗಿ ಇನ್ನೊಂದು ಕಾರಣಕ್ಕೆ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ‘ಆಕಾಶವಾಣಿ’ ಎಂಬ ಬಾನುಲಿ ಕೇಂದ್ರವನ್ನು ಆರಂಭಿಸಿದವರು ಇದೇ ಪ್ರೊಫೆಸರು. ಬೆಂಗಳೂರಿನಲ್ಲಿ 1950ರ ದಶಕದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪನೆಯಾಗಿ ಚಿಕಿತ್ಸಾ ಮನಃಶಾಸ್ತ್ರದ ತರಬೇತಿ ಶುರುವಾಯಿತು. ಅದೇ ಇಂದಿನ ನಿಮ್ಹಾನ್ಸ್.

ಅರ್ಜಿ ಓದುವವರ ಪರೀಕ್ಷೆ

ಕಾಲ ಎಷ್ಟು ಬದಲಾಗಿದೆಯೆಂದರೆ, ಅಮೆರಿಕದಲ್ಲಿ ಇಂದು ಮನಃಶಾಸ್ತ್ರದ ಡಾಕ್ಟರೇಟ್ ಪಡೆಯುವವರಲ್ಲಿ ಮಹಿಳೆಯರೇ ಬಹುಸಂಖ್ಯಾತರು. ನಮ್ಮ ಕಾಲೇಜುಗಳ ಮನಃಶಾಸ್ತ್ರ ತರಗತಿಗಳಲ್ಲೂ ಹುಡುಗಿಯರ ಸಾಲೇ ಉದ್ದ. ಆದರೆ ಪೈಪೋಟಿ, ಶುಲ್ಕ, ಇಂಗ್ಲಿಷಿನ ತೊಡಕು, ಶಿಫಾರಸು ಬರೆದುಕೊಡುವಂಥ ಗುರುಗಳ ಪರಿಚಯವಿಲ್ಲದಿರುವುದು, ಇವೆಲ್ಲ ಸಣ್ಣ ಊರಿನಿಂದ ಬಂದವರಿಗೆ ಈಗಲೂ ದಾಟಲೇಬೇಕಾದ ಹೊಸ್ತಿಲುಗಳು.

ಪ್ರವೇಶ ಕೋರುವ ಅರ್ಜಿ ವಿದ್ಯಾರ್ಥಿಯ ಯೋಗ್ಯತೆಯ ಪರೀಕ್ಷೆ ಎಂಬುದು ರೂಢಿಯ ಮಾತು. ಕಾಲ್ಕಿನ್ಸ್ ಅರ್ಜಿಯ ಕತೆಯಲ್ಲಿ ವಿದ್ಯಾರ್ಥಿನಿ ಎಂದೋ ತೇರ್ಗಡೆಯಾಗಿದ್ದರು. ತೇರ್ಗಡೆಯಾಗದೆ ಉಳಿದದ್ದು ಅರ್ಜಿಯನ್ನು ಓದಿದ ಆಡಳಿತ ಮಂಡಳಿ.